ಮೊಡವೆಗೂ ವಿಟಮಿನ್ ಪ್ರಮಾಣಕ್ಕೂ ಇರುವ ನಂಟು: ರಕ್ತಪರೀಕ್ಷೆಯ ವರದಿಯನ್ನು ಓದುವ ಬಗೆ

ಮೊಡವೆ ವಿಪರೀತವಾದಾಗ ರಕ್ತಪರೀಕ್ಷೆ ಮಾಡಿಸಿ, ವರದಿಯಲ್ಲಿ ಯಾವುದೋ ಒಂದು ವಿಟಮಿನ್ ಕಡಿಮೆ ಇರುವುದನ್ನು ಕಂಡು, ಅಂತೂ ಕಾರಣ ಸಿಕ್ಕಿತೆಂದು ಸಮಾಧಾನಪಟ್ಟುಕೊಳ್ಳುವವರು ಬಹಳ ಮಂದಿ. ಈ ಸಮಾಧಾನ ಸ್ವಲ್ಪ ಅವಸರದ್ದು. ಸಿ ವಿಟಮಿನ್ ಕೊರತೆಯಾದರೆ ಸ್ಕರ್ವಿ ಬರುತ್ತದೆ, ಕೊರತೆ ನೀಗಿದರೆ ಸ್ಕರ್ವಿ ಹೋಗುತ್ತದೆ. ಮೊಡವೆಯ ವಿಷಯದಲ್ಲಿ ಇಷ್ಟು ನೇರವಾದ ಲೆಕ್ಕ ನಡೆಯುವುದಿಲ್ಲ. ಹಾಗೆಂದು ವಿಟಮಿನ್‌ಗಳಿಗೂ ಮೊಡವೆಗೂ ಸಂಬಂಧವೇ ಇಲ್ಲವೆನ್ನುವುದೂ ತಪ್ಪು. ಕೆಲವು ವಿಟಮಿನ್‌ಗಳ ವಿಷಯದಲ್ಲಿ ಕೊರತೆಗಿಂತ ಅತಿಯಾದ ಸೇವನೆಯ ಕಡೆಗೇ ಮೊದಲು ಕಣ್ಣು ಹಾಯಿಸಬೇಕು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಮೊಡವೆ ಹುಟ್ಟುವುದು ಕೂದಲಿನ ಬುಡದ ಸಣ್ಣ ಚೀಲದಲ್ಲಿ. ಹಾರ್ಮೋನುಗಳ ಪ್ರಭಾವದಿಂದ ಅಲ್ಲಿನ ಗ್ರಂಥಿ ಹೆಚ್ಚು ಜಿಡ್ಡು ಸುರಿಸುತ್ತದೆ, ಉದುರಬೇಕಾದ ಚರ್ಮದ ಕೋಶಗಳು ಅಂಟಿಕೊಂಡು ಬಾಯಿ ಮುಚ್ಚುತ್ತವೆ, ಒಳಗೆ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಇವೆಲ್ಲದರ ಜೊತೆಗೆ ಉರಿಯೂತವೂ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೊಂದು ವಿಟಮಿನ್ ಈ ನಾಲ್ಕರಲ್ಲಿ ಕೆಲವನ್ನು ಮಾತ್ರ ತಟ್ಟುತ್ತದೆ. ಆದ್ದರಿಂದ ಒಂದೇ ಮಾತ್ರೆಯಿಂದ ಮುಖ ತಿಳಿಯಾಗುವುದೆಂದು ನಂಬುವುದು ಕಷ್ಟ.

ಪರೀಕ್ಷೆಗೆ ಹೋಗುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಈಗ ನುಂಗುತ್ತಿರುವ ಎಲ್ಲ ಪೂರಕ ಮಾತ್ರೆಗಳ ಡಬ್ಬಿಗಳನ್ನು, ಪ್ರೋಟೀನ್ ಪುಡಿಯನ್ನೂ ಸೇರಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟು, ಪ್ರತಿಯೊಂದರ ಹಿಂದಿರುವ ಸಣ್ಣ ಅಕ್ಷರದ ಪಟ್ಟಿಯನ್ನು ಓದಿ, ಯಾವ ವಿಟಮಿನ್ ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ವಿಟಮಿನ್ ಮೂರು ಡಬ್ಬಿಗಳಲ್ಲಿ ಅಡಗಿರುವುದು ಅಪರೂಪವೇನಲ್ಲ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಹೇರಳವಾಗಿರುತ್ತದೆ. ಅದು ಥೈರಾಯ್ಡ್ ಪರೀಕ್ಷೆಯೂ ಸೇರಿದಂತೆ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು. ಹಾಗಾಗಿ ಅದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಪ್ರಯೋಗಾಲಯದವರನ್ನು ಅಥವಾ ವೈದ್ಯರನ್ನು ಕೇಳಿಕೊಳ್ಳಿ.

ವರದಿ ಕೈಗೆ ಬಂದ ಮೇಲೆ ಜನ ಮೊದಲು ನೋಡುವುದು ಡಿ ವಿಟಮಿನ್ ಸಾಲನ್ನು. ಅಲ್ಲಿ ಅಂಕಿಗಿಂತ ಮುಂಚೆ ಅದರ ಪಕ್ಕದ ಅಳತೆಯನ್ನು ಓದಬೇಕು. 25-ಹೈಡ್ರಾಕ್ಸಿ ವಿಟಮಿನ್ ಡಿ ಎಂಬ ಹೆಸರಿನ ಮುಂದೆ 42 ಎಂದಿದ್ದರೆ, ಅದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂಬ ಲೆಕ್ಕವಾದಲ್ಲಿ ಚಿಂತೆಯಿಲ್ಲ. ಅದೇ 42 ಲೀಟರಿಗೆ ನ್ಯಾನೊಮೋಲ್ ಎಂಬ ಲೆಕ್ಕದ್ದಾದರೆ, 2.5ರಿಂದ ಭಾಗಿಸಿದಾಗ ಸಿಗುವುದು ಸುಮಾರು 17 ನ್ಯಾನೊಗ್ರಾಂ ಮಾತ್ರ. 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಮೊಡವೆ ಇರುವವರಲ್ಲಿ ಈ ಮಟ್ಟ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಉರಿಯೂತವೇ ರಕ್ತದಲ್ಲಿನ ಈ ಮಟ್ಟವನ್ನು ಇಳಿಸಬಲ್ಲದು. ಮುಖ ತೋರಿಸಲು ಸಂಕೋಚಪಟ್ಟು ಬಿಸಿಲಿಗೇ ಬಾರದವರಲ್ಲಿಯೂ ಅದು ಇಳಿದಿರುತ್ತದೆ. ಯಾವುದು ಮುಂದು, ಯಾವುದು ಹಿಂದು ಎಂಬುದು ಒಂದು ಅಂಕಿಯಿಂದ ತಿಳಿಯುವುದಿಲ್ಲ. ಕೊರತೆಯಿದ್ದರೆ ಮೂಳೆಗಳ ಸಲುವಾಗಿಯಾದರೂ ಅದನ್ನು ಸರಿಪಡಿಸಲೇಬೇಕು, ಮೊಡವೆಯೂ ಸ್ವಲ್ಪ ತಗ್ಗಿದರೆ ಅದು ಲಾಭ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ವಯಸ್ಕರು ದಿನಕ್ಕೆ 4,000 ಐ.ಯು. ಮೀರಬಾರದು, ಏಕೆಂದರೆ ಹೆಚ್ಚಾದ ಡಿ ವಿಟಮಿನ್ ರಕ್ತದ ಕ್ಯಾಲ್ಸಿಯಂ ಅನ್ನು ಏರಿಸುತ್ತದೆ.

ಎ ವಿಟಮಿನ್‌ನ ಕತೆ ಇದಕ್ಕಿಂತ ತೊಡಕಿನದು. ಮೊಡವೆಗೆ ಇರುವ ಅತ್ಯಂತ ಬಲವಾದ ಔಷಧಿಗಳೆಲ್ಲ ಇದರ ವಂಶದವೇ. ಹಚ್ಚುವ ಟ್ರೆಟಿನೊಯಿನ್ ಮತ್ತು ನುಂಗುವ ಐಸೊಟ್ರೆಟಿನೊಯಿನ್ ಈ ವಿಟಮಿನ್‌ನ ಆಮ್ಲರೂಪಗಳು. ಅಡಾಪಲೀನ್ ಅದೇ ದಾರಿಯಲ್ಲಿ ಕೆಲಸ ಮಾಡಲೆಂದು ರೂಪಿಸಿದ್ದು. 1982ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಐಸೊಟ್ರೆಟಿನೊಯಿನ್ ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಇದನ್ನು ಓದಿದವರಿಗೆ, ಹಾಗಾದರೆ ಎ ವಿಟಮಿನ್ ಮಾತ್ರೆಯನ್ನೇ ಹೆಚ್ಚು ನುಂಗಿದರಾಯಿತಲ್ಲ ಎಂದೆನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ವಯಸ್ಕರ ದಿನದ ಅಗತ್ಯ 700ರಿಂದ 900 ಮೈಕ್ರೊಗ್ರಾಂ, ಮೇಲ್ಮಿತಿ 3,000 ಮೈಕ್ರೊಗ್ರಾಂ. ಇವೆರಡರ ನಡುವಿನ ಅಂತರ ದೊಡ್ಡದಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡದೆ ಯಕೃತ್ತಿನಲ್ಲಿ ಶೇಖರಗೊಂಡು, ಯಕೃತ್ತಿಗೆ ಹಾನಿ ಮಾಡುತ್ತದೆ, ತಲೆನೋವು ತರುತ್ತದೆ, ಗರ್ಭಿಣಿಯರಲ್ಲಿ ಭ್ರೂಣದ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದು. ಐಸೊಟ್ರೆಟಿನೊಯಿನ್ ಅಥವಾ ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರಂತೂ ಎ ವಿಟಮಿನ್ ಪೂರಕವನ್ನು ಮುಟ್ಟಲೇಬಾರದು. ರಕ್ತದಲ್ಲಿನ ರೆಟಿನಾಲ್ (ಎ ವಿಟಮಿನ್‌ನ ಒಂದು ರೂಪ) ಅಂಕಿಯನ್ನೂ ಅತಿಯಾಗಿ ನಂಬುವಂತಿಲ್ಲ: ಯಕೃತ್ತಿನ ದಾಸ್ತಾನು ಬಹುಪಾಲು ಬರಿದಾಗುವ ತನಕ ಅದು ಹೆಚ್ಚು ಕದಲುವುದಿಲ್ಲ, ಸೋಂಕಿನ ದಿನಗಳಲ್ಲಿ ದಾಸ್ತಾನು ಇದ್ದರೂ ಇಳಿದು ತೋರುತ್ತದೆ.

ಇನ್ನು ಬಿ12. ನನ್ನ ದೃಷ್ಟಿಯಲ್ಲಿ ಅತ್ಯಂತ ಜಾಗರೂಕತೆಯಿಂದ ಪರಿಶೀಲಿಸಬೇಕಾದದ್ದು ಇದೇ. ಬಿ12 ಚುಚ್ಚುಮದ್ದು ಅಥವಾ ಹೆಚ್ಚಿನ ಪ್ರಮಾಣದ ಮಾತ್ರೆ ಆರಂಭಿಸಿದ ಮೇಲೆ ಕೆಲವರ ಮುಖ, ಎದೆ, ಬೆನ್ನುಗಳ ಮೇಲೆ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಸಾಮಾನ್ಯ ಮೊಡವೆಯಲ್ಲಿ ಕಪ್ಪು ಚುಕ್ಕೆ, ಬಿಳಿ ಚುಕ್ಕೆ, ಕೀವುಗುಳ್ಳೆ, ಗಂಟು ಎಲ್ಲವೂ ಬೆರೆತಿರುತ್ತವೆ. ಇಲ್ಲಿ ಹಾಗಲ್ಲ, ಒಂದೇ ಅಚ್ಚಿನಲ್ಲಿ ಒತ್ತಿದಂತೆ ಹೆಚ್ಚುಕಡಿಮೆ ಒಂದೇ ಗಾತ್ರದ ಕೆಂಪು ಗುಳ್ಳೆಗಳಿರುತ್ತವೆ, ಬ್ಲಾಕ್‌ಹೆಡ್‌ಗಳು ಬಹುತೇಕ ಕಾಣುವುದಿಲ್ಲ. ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ನಿಂತರೆ ಈ ವ್ಯತ್ಯಾಸವನ್ನು ನೀವೇ ಗುರುತಿಸಬಹುದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೊಂದು ವಿವರಣೆ ನೀಡಿತು: ಬಿ12 ಯಥೇಚ್ಛವಾಗಿ ಸಿಕ್ಕಿದಾಗ ಚರ್ಮದ ಬ್ಯಾಕ್ಟೀರಿಯಾ ಅದನ್ನು ತಾನೇ ತಯಾರಿಸುವುದನ್ನು ತಗ್ಗಿಸಿ, ಪಾರ್ಫಿರಿನ್ ಎಂಬ ಉರಿಯೂತಕಾರಕ ವಸ್ತುವನ್ನು ಹೆಚ್ಚು ಉತ್ಪಾದಿಸುತ್ತದೆ.

ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಕೇವಲ 2.4 ಮೈಕ್ರೊಗ್ರಾಂ. ಡಬ್ಬಿಯ ಮೇಲೆ 1,000 ಮೈಕ್ರೊಗ್ರಾಂ ಎಂದಿದ್ದರೆ ಅದು ಅಗತ್ಯದ 400 ಪಟ್ಟಿಗೂ ಮಿಗಿಲು. ಅದರಲ್ಲಿ ಅತ್ಯಲ್ಪ ಭಾಗವಷ್ಟೇ ರಕ್ತಕ್ಕೆ ಸೇರುತ್ತದೆಂಬುದು ನಿಜವಾದರೂ, ಕೊರತೆಯಿಲ್ಲದವರಿಗೆ ಅಷ್ಟರ ಅಗತ್ಯವಾದರೂ ಏನು? ಗುಳ್ಳೆಗಳು ಎದ್ದ ದಿನವನ್ನೂ ಮಾತ್ರೆ ಶುರುವಾದ ದಿನವನ್ನೂ ಅಕ್ಕಪಕ್ಕ ಬರೆದು ನೋಡಿ. ಎರಡೂ ಹೊಂದಿಕೊಂಡರೆ, ಕೊರತೆ ಇಲ್ಲದೆ ಸುಮ್ಮನೆ ತೆಗೆದುಕೊಳ್ಳುತ್ತಿದ್ದವರು ಅದನ್ನು ನಿಲ್ಲಿಸಿ, ಕೆಲವು ವಾರ ಕಾದು ನೋಡಬಹುದು. ಆದರೆ ಕೊರತೆ ಖಚಿತವಾಗಿ ಚಿಕಿತ್ಸೆ ನಡೆಯುತ್ತಿರುವವರು ಮೊಡವೆಗೆ ಹೆದರಿ ತಾವಾಗಿಯೇ ನಿಲ್ಲಿಸಕೂಡದು. ಬಿ12 ಕೊರತೆ ನರಗಳಿಗೆ ಮಾಡುವ ಹಾನಿ ಕೆಲವೊಮ್ಮೆ ಮರಳಿ ಸರಿಹೋಗದಂಥದ್ದು, ಮೊಡವೆಗಾದರೋ ಬೇರೆ ಮದ್ದುಗಳಿವೆ.

ಸತು ವಿಟಮಿನ್ ಅಲ್ಲ, ಖನಿಜ. ಆದರೂ ಈ ಚರ್ಚೆಯಲ್ಲಿ ಅದಕ್ಕೆ ಜಾಗವಿದೆ. ದಿನಕ್ಕೆ 30 ಮಿಲಿಗ್ರಾಂ ಸತುವಿನಿಂದ ಕೆಂಪು ಗುಳ್ಳೆಗಳು ತಗ್ಗಿದ್ದುಂಟು, ಆದರೆ ಆಂಟಿಬಯಾಟಿಕ್‌ನಷ್ಟು ಅಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. 40 ಮಿಲಿಗ್ರಾಂ ಮೀರಿ ಬಹುಕಾಲ ತೆಗೆದುಕೊಂಡರೆ ದೇಹದಲ್ಲಿ ತಾಮ್ರದ ಕೊರತೆಯಾಗುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಯ ಜೊತೆಯಲ್ಲೇ ನುಂಗಿದರೆ ಅದರ ಹೀರಿಕೆಗೆ ಅಡ್ಡಿಯಾಗುವುದರಿಂದ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಇ ಮತ್ತು ಬಿ5 ವಿಟಮಿನ್‌ಗಳ ಬಗ್ಗೆ ಜಾಹೀರಾತುಗಳು ಹೇಳುವಷ್ಟನ್ನು ಪುರಾವೆಗಳು ಹೇಳುವುದಿಲ್ಲ.

ಕೆಲವು ವಿಟಮಿನ್‌ಗಳು ನುಂಗುವುದಕ್ಕಿಂತ ಹಚ್ಚುವುದಕ್ಕೇ ಯೋಗ್ಯ. ಬಿ3ಯ ಒಂದು ರೂಪವಾದ ನಿಯಾಸಿನಮೈಡ್ ಇದಕ್ಕೆ ಒಳ್ಳೆಯ ಉದಾಹರಣೆ. 1995ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಶೇ. 4ರ ನಿಯಾಸಿನಮೈಡ್ ಜೆಲ್, ಎಂಟು ವಾರಗಳಲ್ಲಿ ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್‌ನ ಶೇ. 1ರ ಜೆಲ್‌ಗೆ ಸರಿಸಮನಾದ ಫಲ ಕೊಟ್ಟಿತು. ರಾತ್ರಿ ಅಡಾಪಲೀನ್ ಹಚ್ಚುವವರು ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳುವಾಗಿ ಸವರಬೇಕೇ ಹೊರತು ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಟ್ಟಂತೆ ಹಚ್ಚಿದರೆ ಸಾಲದು, ಏಕೆಂದರೆ ನಾಳೆ ಏಳಬೇಕಾದ ಮೊಡವೆ ಇಂದು ಬರಿಗಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ಗರ್ಭಿಣಿಯರು ಅಡಾಪಲೀನ್ ಹಚ್ಚಬಾರದು.

ಬದಲಾವಣೆಗಳನ್ನು ಒಂದೊಂದಾಗಿಯೇ ಮಾಡಿ. ಡಿ ಮಾತ್ರೆ, ಸತು, ಹೊಸ ಮುಲಾಮು, ಹೊಸ ಸೋಪು ಎಲ್ಲವನ್ನೂ ಒಂದೇ ವಾರ ಆರಂಭಿಸಿದರೆ ಗುಣವಾದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಹೆಚ್ಚಾದರೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಅದೇ ಕಿಟಕಿಯ ಪಕ್ಕದಲ್ಲಿ, ಅದೇ ಹೊತ್ತಿನ ಬೆಳಕಿನಲ್ಲಿ ಮುಖದ ಎರಡೂ ಬದಿಗಳ ಫೋಟೊ ತೆಗೆದಿಟ್ಟುಕೊಂಡು, ಹನ್ನೆರಡು ವಾರವಾದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಹೋಲಿಸಿ. ಡಿ ವಿಟಮಿನ್ ಮರುಪರೀಕ್ಷೆಗೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕಾಗುವುದರಿಂದ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು.

ಆಳವಾದ ನೋಯುವ ಗಂಟುಗಳು, ಗುಳಿಬೀಳುವ ಕಲೆಗಳು, ಅಥವಾ ಮುಟ್ಟಿನ ಏರುಪೇರು ಮತ್ತು ಗಲ್ಲದ ಮೇಲೆ ಬೆಳೆಯುವ ಒರಟು ಕೂದಲಿನೊಡನೆ ಬರುವ ಮೊಡವೆ ಇದ್ದವರು ಈ ಹನ್ನೆರಡು ವಾರ ಕಾಯದೆ, ವಿಟಮಿನ್ ವರದಿಯನ್ನೂ ಡಬ್ಬಿಗಳ ಲೆಕ್ಕ ಬರೆದಿಟ್ಟ ಹಾಳೆಯನ್ನೂ ಹಿಡಿದು ನೇರವಾಗಿ ಚರ್ಮರೋಗ ತಜ್ಞರ ಬಳಿಗೆ ಹೋಗಬೇಕು.