ಸಮರೂಪ ಆಕೃತಿ: ಮೊದಲು ಜೋಡಿ ಹುಡುಕಿ, ಆಮೇಲೆ ಭಾಗಿಸಿ

ಎರಡು ಆಕೃತಿ ಸಮರೂಪವೇ, ಅಂದರೆ ಗಾತ್ರ ಬೇರೆಯಾದರೂ ಜೋಡಿ ಕೋನಗಳು ಸಮವಾಗಿದ್ದು ಜೋಡಿ ಬಾಹುಗಳ ಅನುಪಾತ ಒಂದೇ ಇದೆಯೇ ಎಂದು ಕೇಳಿದರೆ ಮಕ್ಕಳು ತಕ್ಷಣ ಬಾಹುಗಳ ಉದ್ದವನ್ನು ಭಾಗಿಸಲು ಶುರು ಮಾಡುತ್ತಾರೆ. ಭಾಗಾಕಾರ ಸರಿಯಾಗಿಯೇ ಇರುತ್ತದೆ. ಆದರೆ ಭಾಗಿಸಿದ್ದು ಬೇರೆ ಬಾಹುವನ್ನು! ಇದನ್ನು ನೋಡಿ ನೋಡಿ ಬರೆಯುತ್ತಿದ್ದೇನೆ.

ಮೊದಲು ಕೋನ ಅಳೆಯಿರಿ. ಕೋನಮಾಪಕದ ಸೊನ್ನೆ ಗೆರೆ ಬಾಹುವಿನ ಮೇಲೆ ಕೂರಬೇಕು, ಪ್ಲಾಸ್ಟಿಕ್ಕಿನ ಅಂಚಲ್ಲ. ಗೆರೆ ಅಳಿಸಿಹೋದ ಕೋನಮಾಪಕ ಬೇಡವೇ ಬೇಡ. ಅಳೆದದ್ದನ್ನು ಕೂಡಿ ನೋಡಿ: ಚತುರ್ಭುಜಕ್ಕೆ 360, ಪಂಚಭುಜಕ್ಕೆ 540 ಡಿಗ್ರಿ ಬರಬೇಕು. ಇದನ್ನು ಸುಮ್ನೆ ಉರು ಹೊಡೆಯಬೇಡಿ. ಪಂಚಭುಜದ ಒಂದು ಮೂಲೆಯಿಂದ ಕರ್ಣ ಎಳೆದರೆ ಮೂರು ತ್ರಿಭುಜ ಸಿಗುತ್ತವೆ, ಮೂರು 180 ಸೇರಿ 540.

ಈಗ ಜೋಡಿ ಹುಡುಕುವ ಹಂತ. ಇಲ್ಲಿ ಅವಸರ ಬೇಡ. ತ್ರಿಭುಜ ಎಬಿಸಿಯಲ್ಲಿ ಎಬಿ 6, ಬಿಸಿ 8, ಸಿಎ 10 ಸೆಂ.ಮೀ. ಇನ್ನೊಂದರಲ್ಲಿ ಪಿಕ್ಯೂ 12, ಕ್ಯೂಆರ್ 15, ಆರ್‌ಪಿ 9. ಅಕ್ಷರಗಳ ಸಾಲು ನೋಡಿ ಎಬಿಗೆ ಪಿಕ್ಯೂ ಜೋಡಿಸಿದರೆ ಅನುಪಾತ 2 ಬರುತ್ತದೆ, ಮುಂದಿನದ್ದು 15/8. 'ಸಮರೂಪವಲ್ಲ' ಎಂದು ಬರೆದುಬಿಡುತ್ತಾರೆ. ತಪ್ಪು. ಬಾಹುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ: 6, 8, 10 ಮತ್ತು 9, 12, 15. ಮೂರಕ್ಕೂ 1.5 ಬಂತು, ಅಲ್ವಾ? ಇನ್ನು ಮೂಲೆಗಳು. ಉದ್ದದ ಬಾಹುವಿನ ಎದುರು ದೊಡ್ಡ ಕೋನ ಇರುತ್ತದೆ. ಹಾಗಾಗಿ ಬಿಗೆ ಪಿ ಜೋಡಿ, ಎಗೆ ಆರ್, ಸಿಗೆ ಕ್ಯೂ. ಉತ್ತರದಲ್ಲಿ ಎಬಿಸಿಗೆ ಆರ್‌ಪಿಕ್ಯೂ ಸಮರೂಪ ಎಂದೇ ಬರೆಯಬೇಕು. ಪಿಕ್ಯೂಆರ್ ಎಂದರೆ ಅರ್ಥವೇ ಬದಲಾಗುತ್ತದೆ. ಜೋಡಿ ಮೂಲೆಗಳಿಗೆ ಒಂದೇ ಬಣ್ಣ ಹಚ್ಚಿಕೊಳ್ಳಿ, ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಂಡಿಲ್ಲ. ಆಕೃತಿ ಮಗುಚಿದಂತೆ ಕಂಡರೆ ತೆಳು ಹಾಳೆಯಲ್ಲಿ ನಕಲು ತೆಗೆದು ತಿರುಗಿಸಿ ನೋಡಿ.

ಬಾಹು ನಾಲ್ಕು ಅಥವಾ ಜಾಸ್ತಿ ಇದ್ದರೆ ಸಾಲಾಗಿ ಬರೆಯುವ ಈ ಉಪಾಯ ಸಾಲದು. ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಹೋಗುತ್ತಾ ಜೋಡಿ ಮಾಡಿ. ಕೋನ, ಅನುಪಾತ ಎರಡನ್ನೂ ನೋಡಲೇಬೇಕು. 4×2 ಮತ್ತು 6×2 ಆಯತಗಳ ಕೋನಗಳೆಲ್ಲ 90, ಆದರೂ ಅವು ಸಮರೂಪವಲ್ಲ. ಚೌಕ ಮತ್ತು ಓರೆ ವಜ್ರಾಕೃತಿಯ ಬಾಹುಗಳ ಅನುಪಾತ ಹೊಂದುತ್ತದೆ, ಕೋನ ಹೊಂದುವುದಿಲ್ಲ. ಕೋನ ಮಾತ್ರ ನೋಡಿ ಹೇಳುವ ಸಲಿಗೆ ತ್ರಿಭುಜಕ್ಕಷ್ಟೇ.

ವಿಸ್ತೀರ್ಣ ಕೇಳಿದರೆ ಅನುಪಾತದ ವರ್ಗ ತೆಗೆದುಕೊಳ್ಳಿ. ಮೇಲಿನ ತ್ರಿಭುಜಗಳಲ್ಲಿ 24 ಮತ್ತು 54 ಚದರ ಸೆಂ.ಮೀ., ಅಂದರೆ 2.25 ಪಟ್ಟು.