ಪ್ರಾಸದ ಅಳತೆ: ಒಂದು ಕವನ ಸ್ಪರ್ಧೆಯ ನನ್ನ ಅನುಭವ

ಕಳೆದ ರಾಜ್ಯೋತ್ಸವದ ಸಂದರ್ಭದಲ್ಲಿ ನಮ್ಮ ತಾಲ್ಲೂಕಿನ ಸಾಹಿತ್ಯಾಸಕ್ತರ ಬಳಗವೊಂದು ಪ್ರಾಸಬದ್ಧ ಕವನ ಸ್ಪರ್ಧೆಯನ್ನು ಏರ್ಪಡಿಸಿತ್ತು. ವಿಷಯ ಆತ್ಮವಿಶ್ವಾಸ, ಕವನ 16 ಸಾಲುಗಳನ್ನು ಮೀರಬಾರದು, ಆದಿಪ್ರಾಸ (ಜೋಡಿ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ) ಮತ್ತು ಅಂತ್ಯಪ್ರಾಸ (ಸಾಲಿನ ಕೊನೆಯಲ್ಲಿ ಒಂದೇ ಧ್ವನಿ) ಎರಡೂ ಇರಬೇಕು, ಆಯ್ಕೆಯಾದವರು ವೇದಿಕೆಯ ಮೇಲೆ ವಾಚಿಸಬೇಕು ಎಂಬ ನಿಯಮಗಳಿದ್ದವು. ಮನೆಯಲ್ಲಿಯೇ ಹೊಲಿಗೆ ಮಾಡಿಕೊಂಡಿರುವ ನಾನು ಅದುವರೆಗೆ ಬರೆದದ್ದೆಲ್ಲ ಪ್ರಾಸದ ಹಂಗಿಲ್ಲದ ಕವನಗಳೇ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಆದಿಪ್ರಾಸವನ್ನು ಬಿಟ್ಟು ಬರೆದು ತೋರಿಸಿದ ಮೇಲೆ ಅದನ್ನು ಮತ್ತೆ ಹಿಡಿಯುವುದೇಕೆ ಎಂಬ ಪ್ರಶ್ನೆ ನನ್ನಲ್ಲೂ ಇತ್ತು. ಆದರೂ ಕಟ್ಟುಪಾಡಿನೊಳಗೆ ನನ್ನ ಮಾತು ಉಳಿಯುವುದೋ ಇಲ್ಲವೋ ನೋಡಬೇಕೆಂಬ ಆಸೆಯಿಂದ ಹೆಸರು ಕೊಟ್ಟೆ.

ಮೊದಲ ಎರಡು ಸಂಜೆ ಬರೆದದ್ದನ್ನು ಹರಿದುಹಾಕಿದೆ. ‘ವಿಶ್ವಾಸ’ಕ್ಕೆ ‘ಉಲ್ಲಾಸ’, ‘ಉಲ್ಲಾಸ’ಕ್ಕೆ ‘ಮಂದಹಾಸ’ ಎಂದು ಪ್ರಾಸಗಳು ತಾವಾಗಿಯೇ ಬಂದು ಕೂರುತ್ತಿದ್ದವು; ಗಟ್ಟಿಯಾಗಿ ಓದಿದರೆ ಅವು ಯಾರ ಬದುಕಿಗೂ ಸಂಬಂಧಿಸಿದ ಮಾತುಗಳಾಗಿರಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ಛಂದಸ್ಸಿನಲ್ಲಿ ಕಾಣಿಸಿತು. ಹೊಲಿಗೆ ಯಂತ್ರವನ್ನು ತುಳಿಯುತ್ತ ಗುನುಗುವ ನನ್ನ ಕಿವಿಗೆ ನಾಲ್ಕು ಮಾತ್ರೆಯ ಗಣ ಒಗ್ಗಿದೆ. ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ; ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು, ಅವುಗಳ ಗುಂಪು ಗಣ. ‘ಆತ್ಮವಿಶ್ವಾಸ’ ಆ ನಡೆಗೆ ಬಗ್ಗುವ ಪದವಲ್ಲ. ‘ಆತ್ಮ’ ಎಂಬಲ್ಲಿಗೆ ಮೂರು ಮಾತ್ರೆ. ಮುಂದಿನ ‘ವಿ’ ಒತ್ತಕ್ಷರದ ಹಿಂದೆ ಇರುವುದರಿಂದ ಗುರುವಾಗಿ, ಗಣದ ಗೆರೆ ಆ ಅಕ್ಷರದ ನಡುವೆಯೇ ಹಾದುಹೋಗುತ್ತದೆ. ಮೊದಲಿಗೆ ಒಂದು ಲಘುವನ್ನು ಸೇರಿಸಿದರೆ ಗಣವೇನೋ ತುಂಬುತ್ತದೆ, ಆದರೆ ಲಘುವಿನ ಬೆನ್ನಿಗೇ ಗುರು ಬಂದು ನಡೆ ಕುಂಟುತ್ತದೆ. ಐದು ಮಾತ್ರೆಯ ಗಣವಾಗಿದ್ದರೆ ‘ಆತ್ಮವಿ–ಶ್ವಾಸವೇ’ ಎಂದು ಎರಡು ಗಣಗಳಲ್ಲಿ ಚೆನ್ನಾಗಿಯೇ ಕೂರುತ್ತಿತ್ತು. ನಾನು ನಡೆಯನ್ನು ಬದಲಿಸುವ ಬದಲು ಆ ಪದವನ್ನೇ ಬಿಡಲು ನಿರ್ಧರಿಸಿದೆ.

ಪದವನ್ನು ಬಿಟ್ಟ ಮೇಲೆ ಅದರ ಜಾಗದಲ್ಲಿ ಒಂದು ಘಟನೆ ಬೇಕಾಯಿತು. ಹೊಲಿಗೆ ಕಲಿತ ಹೊಸತರಲ್ಲಿ ಪಕ್ಕದ ಬೀದಿಯ ಹುಡುಗಿಯೊಬ್ಬಳು ತನ್ನ ಮದುವೆಯ ರೇಷ್ಮೆ ರವಿಕೆ ಕಣವನ್ನು ತಂದುಕೊಟ್ಟಿದ್ದಳು. ಇದ್ದುದೇ 80 ಸೆಂಟಿಮೀಟರ್ ಬಟ್ಟೆ. ಕತ್ತರಿ ಒಮ್ಮೆ ತಪ್ಪಿದರೆ ಸೀರೆಗೆ ಹೊಂದುವ ಇನ್ನೊಂದು ತುಂಡು ಎಲ್ಲಿಯೂ ಸಿಗುವಂತಿರಲಿಲ್ಲ. ಗೀಟು ಹಾಕಿ, ಟೇಪು ಹಿಡಿದು ಮೂರು ಸಲ ಅಳೆದು, ಆಮೇಲೂ ಕತ್ತರಿಯನ್ನು ಎತ್ತಲಾರದೆ ಕುಳಿತಿದ್ದ ಆ ಮಧ್ಯಾಹ್ನವನ್ನು ನೆನೆದಾಗ ಮೊದಲ ಸಾಲುಗಳು ಬಂದವು.

ಕತ್ತರಿ ಹಿಡಿಯಲು ಕೈ ನಡುಗಿತ್ತು
ಹೊತ್ತೂ ಸರಿಯದೆ ನಿಂತೇ ಇತ್ತು

ಛಂದಸ್ಸಿನ ಹಳೆಯ ಗ್ರಂಥವಾದ ನಾಗವರ್ಮನ ಛಂದೋಂಬುಧಿ ಹೇಳುವ ಆರು ಆದಿಪ್ರಾಸಗಳಲ್ಲಿ ಇದು ಹಯಪ್ರಾಸ, ಎಂದರೆ ಎರಡನೆಯ ಅಕ್ಷರ ಸಜಾತೀಯ ಒತ್ತಕ್ಷರ (ಒಂದೇ ವ್ಯಂಜನದ ಜೋಡಿ). ಮುಂದಿನ ಜೋಡಿಯಲ್ಲಿ ಮಾತ್ರ ಬಹಳ ಹೊತ್ತು ಸಿಕ್ಕಿಬಿದ್ದೆ. ‘ಗೀಟಿನ’ ಎಂದು ಆರಂಭಿಸಿ, ಕೆಳಗಿನ ಸಾಲನ್ನು ‘ಹಟದಲಿ’ ಎಂದು ಎತ್ತಿಕೊಂಡಿದ್ದೆ. ಎರಡರಲ್ಲೂ ಟಕಾರವಿದ್ದರೂ ಮೊದಲನೆಯದರ ಆದ್ಯಕ್ಷರ ದೀರ್ಘವಾಗಿ ಗಜಪ್ರಾಸವಾಗುತ್ತದೆ, ಎರಡನೆಯದರದು ಹ್ರಸ್ವವಾಗಿ ಸಿಂಹಪ್ರಾಸವಾಗುತ್ತದೆ, ಇವೆರಡನ್ನು ಬೆರೆಸುವಂತಿಲ್ಲ. ‘ಹಟ’ವನ್ನು ಬಿಟ್ಟು ದೀರ್ಘದಿಂದ ಆರಂಭವಾಗುವ ಪದವನ್ನು ಹುಡುಕುವಾಗ, ಕತ್ತರಿ ನಿಜವಾಗಿ ಮಾಡಿದ ಕೆಲಸವೇ ಕೈಗೆ ಸಿಕ್ಕಿತು.

ಗೀಟಿನ ಮೇಲೇ ಕತ್ತರಿ ಹೊರಟಿತು
ದಾಟದೆ ಒಂದೆಳೆ ಅಂಚನು ಮುಟ್ಟಿತು

ಪ್ರಾಸವು ಭಾವವನ್ನು ಕಟ್ಟಿಹಾಕುತ್ತದೆ ಎಂದು ನಂಬಿದ್ದ ನನಗೆ ಈ ಸಾಲನ್ನು ಕೊಟ್ಟದ್ದು ಪ್ರಾಸವೇ.

ಬರೆದು ಮುಗಿಸಿದ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ನಾನು ಓದುವಾಗ ಮೇಜಿನ ಮೇಲೆ ತಾಳ ಹಾಕು ಎಂದೆ. ‘ಸೂಜಿಗೆ ದಾರ ಪೋಣಿಸುವಾಗ’ ಎಂಬಲ್ಲಿ ಅವಳ ಬೆರಳು ಪ್ರತಿ ಸಲವೂ ತಪ್ಪುತ್ತಿತ್ತು. ‘ದಾರ’ದಲ್ಲಿ ಇರುವುದು ಮೂರೇ ಮಾತ್ರೆ. ‘ದಾರವ’ ಎಂದು ಒಂದಕ್ಷರ ಸೇರಿಸಿದೆ, ತಾಳ ಕೂಡಿಬಂತು. ಸ್ಪರ್ಧೆಗೆ ಬರೆಯುವವರು ಕಾಗದದ ಮೇಲೆ ಪ್ರಸ್ತಾರ ಹಾಕಿ ಗುರು ಲಘುಗಳನ್ನು ಗುರುತಿಸಿದರಷ್ಟೇ ಸಾಲದು, ಇನ್ನೊಬ್ಬರ ಕೈಯಲ್ಲಿ ತಾಳ ಹಾಕಿಸಿ ಕೇಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ವಾಚನದ ದಿನ ಕಾಗದ ನೋಡದೆ ಓದಿದೆ. ನಡೆ ಸರಿಯಿದ್ದುದರಿಂದ ಸಾಲುಗಳು ಒಂದನ್ನೊಂದು ಕರೆದುಕೊಂಡು ಬಂದವು. ನನಗೆ ಮೂರನೆಯ ಸ್ಥಾನ ಸಿಕ್ಕಿತು. ಕಾರ್ಯಕ್ರಮ ಮುಗಿದ ಮೇಲೆ ತೀರ್ಪುಗಾರರಲ್ಲಿ ಹಿರಿಯರಾಗಿದ್ದ ಮೇಡಂ ನನ್ನನ್ನು ಕರೆದು, ಪೆನ್ಸಿಲ್ಲಿನಿಂದ ಗುರುತು ಮಾಡಿದ್ದ ಕೊನೆಯ ಜೋಡಿಯನ್ನು ತೋರಿಸಿದರು. ‘ಬಟ್ಟೆಯ ಮಡಿಸುತ ಕೊಟ್ಟೆನು ಅವಳಿಗೆ’ ಎಂಬ ಸಾಲಿನ ಕೆಳಗೆ ನಾನು ‘ಕಷ್ಟವು ಕರಗಿತು ನಗುವಿನ ಜೊತೆಗೇ’ ಎಂದು ಬರೆದಿದ್ದೆ. “ನೋಡಮ್ಮ, ಮೇಲೆ ಹಯ, ಕೆಳಗೆ ಶರಭ. ‘ಟ್ಟ’ಕ್ಕೆ ‘ಷ್ಟ’ ಪ್ರಾಸವಾಗುವುದಿಲ್ಲ” ಎಂದರು. ಶರಭವೆಂದರೆ ಎರಡನೆಯ ಅಕ್ಷರ ಬೇರೆ ಬೇರೆ ವ್ಯಂಜನಗಳ ಒತ್ತಕ್ಷರ. ಇಡೀ ಕವನದಲ್ಲಿ ಕಣ್ಣಿಗೆ ಕಾಣದ ಮಾತು ಉಳಿದಿದ್ದುದು ಆ ಒಂದು ಸಾಲಿನಲ್ಲಿ ಮಾತ್ರ ಎಂದು ಆಗ ಹೊಳೆಯಿತು. ಮನೆಗೆ ಬಂದು, ರವಿಕೆ ಕೊಟ್ಟ ದಿನ ಆ ಹುಡುಗಿ ಏನು ಮಾಡಿದಳೆಂದು ನೆನಪಿಸಿಕೊಂಡು, ಸಾಲನ್ನು ತಿದ್ದಿದೆ:

ತೊಟ್ಟಳು ಕೂಡಲೆ ಕನ್ನಡಿ ಎದುರಿಗೆ