ಮೊಲದ ಪ್ಲಾಸ್ಮಾ ಹೆಪ್ಪುಗಟ್ಟಿತಾ? ಗಂಟೆಗೊಮ್ಮೆ ನೋಡಿ

ಕೀವು ಒರೆಸಿ ತೆಗೆದ ಹತ್ತಿಕಡ್ಡಿ, ಅಂದರೆ ಸ್ವಾಬ್‌ನಿಂದ ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಬೆಳೆದಿದೆ. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೈನಿನಲ್ಲಿ ದ್ರಾಕ್ಷಿ ಗೊಂಚಲಿನಂಥ ನೇರಳೆ ಕಾಕೈ (ದುಂಡು ಬ್ಯಾಕ್ಟೀರಿಯಾ), ಕೆಟಲೇಸ್ ಕಿಣ್ವದ ಟೆಸ್ಟ್ ಪಾಸಿಟಿವ್. ಸ್ಟೆಫಿಲೊಕಾಕಸ್ ಅನ್ನುವುದು ಗೊತ್ತಾಯಿತು. ಆದರೆ ಕುರು, ಕೀವು ತರುವ ಆರಿಯಸ್ಸೋ, ಚರ್ಮದ ಮೇಲೆ ಸಾಮಾನ್ಯವಾಗಿ ಸುಮ್ನೆ ಇರುವ ಎಪಿಡರ್ಮಿಡಿಸ್ಸೋ? ಇದನ್ನು ಹೇಳುವುದು ಕೊಯಾಗುಲೇಸ್ ಟೆಸ್ಟ್. ಆರಿಯಸ್ ಬಿಡುವ ಕೊಯಾಗುಲೇಸ್ ಎಂಬ ಕಿಣ್ವ ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ರಕ್ತದ ದ್ರವ) ಕರಗಿರುವ ಫೈಬ್ರಿನೊಜನ್ ಪ್ರೋಟೀನನ್ನು ಫೈಬ್ರಿನ್ ಎಳೆಗಳನ್ನಾಗಿ ಮಾಡಿಸುತ್ತದೆ. ಹಾಲು ಮೊಸರಾದ ಹಾಗೆ ಪ್ಲಾಸ್ಮಾ ಹೆಪ್ಪುಗಟ್ಟುತ್ತದೆ.

ಇಡಿಟಿಎ (ತಾನಾಗೇ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಹಾಕಿದ ಮೊಲದ ಪ್ಲಾಸ್ಮಾವನ್ನೇ ತರಿಸಿ. ಹೆಪ್ಪು ತಡೆಯಲು ಸಿಟ್ರೇಟ್ ಹಾಕಿದ ಪ್ಲಾಸ್ಮಾ ಆದರೆ, ಕಾಲೊನಿಯಲ್ಲಿ ಎಂಟರೊಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾ ಬೆರೆತಿದ್ದಾಗ ಅದು ಸಿಟ್ರೇಟನ್ನೇ ತಿಂದು ಸುಳ್ಳು ಹೆಪ್ಪು ಬರಿಸಬಹುದು. ಖರ್ಚು ಉಳಿಸಲು ಮನುಷ್ಯರ ಪ್ಲಾಸ್ಮಾ ಬಳಸುವವರಿದ್ದಾರೆ. ನಾನು ಬೇಡ ಅಂತೀನಿ. ಅದರಲ್ಲಿ ಸ್ಟೆಫಿಲೊಕಾಕಸ್ ವಿರುದ್ಧದ ಆಂಟಿಬಾಡಿ ಇರಬಹುದು, ಎಚ್‌ಐವಿ, ಹೆಪಟೈಟಿಸ್ ಭಯವೂ ಇದೆ.

ಸಣ್ಣ ಟ್ಯೂಬಿಗೆ 0.5 ಮಿಲಿ ಪ್ಲಾಸ್ಮಾ ಹಾಕಿ. ಒಂದೇ ತಳಿಯ, ಹೊಸದಾಗಿ ಬೆಳೆದ ಕಾಲೊನಿಯನ್ನು ಲೂಪಿನಲ್ಲಿ ತೆಗೆದು ಕಲಸಿ, 37 ಡಿಗ್ರಿಯಲ್ಲಿಡಿ. ಪಕ್ಕದಲ್ಲೇ ಗೊತ್ತಿರುವ ಆರಿಯಸ್ ಒಂದು, ಎಪಿಡರ್ಮಿಡಿಸ್ ಒಂದು ಟ್ಯೂಬ್ ಇರಲೇಬೇಕು. ಆರಿಯಸ್ ಟ್ಯೂಬ್ ಹೆಪ್ಪುಗಟ್ಟದಿದ್ದರೆ ಆ ದಿನದ ಯಾವ ನೆಗೆಟಿವ್ ರಿಪೋರ್ಟನ್ನೂ ಕೊಡಬೇಡಿ.

ಇನ್ನು ನೋಡುವ ವಿಷಯ. ಕೆಲಸ ಕಲಿಯುವಾಗ ಒಮ್ಮೆ ಸಂಜೆ ಟ್ಯೂಬ್ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ನೀರಿನ ಹಾಗಿತ್ತು, ನೆಗೆಟಿವ್ ಅಂತ ಬರೆದೆ. ಸೀನಿಯರ್ ಅಕ್ಕ ಸಹಿ ಮಾಡಲಿಲ್ಲ. "ಮತ್ತೆ ಇಡು, ಗಂಟೆಗೊಮ್ಮೆ ನೋಡು" ಅಂದರು. ಎರಡನೇ ಗಂಟೆಗೇ ಗಟ್ಟಿ ಹೆಪ್ಪು! ಕೆಲವು ಆರಿಯಸ್ ತಳಿಗಳು ತಾವೇ ಕಟ್ಟಿದ ಹೆಪ್ಪನ್ನು ಸ್ಟೆಫಿಲೊಕೈನೇಸ್ ಎಂಬ ಕಿಣ್ವದಿಂದ ಕರಗಿಸಿಬಿಡುತ್ತವೆ. ಆ ಸ್ವಾಬ್ ಒಂದು ಪುಟ್ಟ ಮಗುವಿನದು. ಇವತ್ತಿಗೂ ನೆನಪಾದರೆ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಟೆಸ್ಟನ್ನು ಬೆಳಿಗ್ಗೆಯೇ ಇಡಿ. ನಾಲ್ಕು ಗಂಟೆವರೆಗೆ ಗಂಟೆಗೊಮ್ಮೆ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿ ನೋಡಿ. ಅಲುಗಾಡಿಸಿದರೆ ಎಳೆ ಹೆಪ್ಪು ಒಡೆದುಹೋಗುತ್ತದೆ. ಪೂರ್ತಿ ಗಟ್ಟಿಯಾಗಬೇಕಿಲ್ಲ, ಸ್ವಲ್ಪ ಹೆಪ್ಪು ಕಂಡರೂ ಪಾಸಿಟಿವ್. ಏನೂ ಕಾಣದಿದ್ದರೆ ಮಾತ್ರ ರಾತ್ರಿಯಿಡೀ ಕೋಣೆಯ ಉಷ್ಣತೆಯಲ್ಲಿಟ್ಟು ಬೆಳಿಗ್ಗೆ ಮತ್ತೆ ನೋಡಿ. ನಿಧಾನವಾಗಿ ಹೆಪ್ಪುಗಟ್ಟುವ ತಳಿಗಳೂ ಇವೆ.

ಗಾಜಿನ ಸ್ಲೈಡಿನ ಮೇಲೆ ಕಾಲೊನಿಯನ್ನು ಪ್ಲಾಸ್ಮಾ ಜೊತೆ ಕಲಸಿ ನೋಡುವ ಸ್ಲೈಡ್ ಟೆಸ್ಟ್ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ನಿಜ. ಆದರೆ ಅದು ನೋಡುವುದು ಬ್ಯಾಕ್ಟೀರಿಯಾ ಮೈಗೇ ಅಂಟಿಕೊಂಡಿರುವ ಕ್ಲಂಪಿಂಗ್ ಫ್ಯಾಕ್ಟರನ್ನು. ಲುಗ್ಡುನೆನ್ಸಿಸ್ ಎಂಬ ಇನ್ನೊಂದು ಸ್ಟೆಫಿಲೊಕಾಕಸ್ ಕೂಡ ಅಲ್ಲಿ ಗಂಟುಗಟ್ಟಬಹುದು, ಕೆಲವು ಆರಿಯಸ್ ಗಂಟುಗಟ್ಟದೆಯೂ ಇರಬಹುದು. ಸ್ಲೈಡ್ ನೆಗೆಟಿವ್ ಬಂದರೆ ಟ್ಯೂಬ್ ಇಡದೆ ರಿಪೋರ್ಟ್ ಬರೆಯಬೇಡಿ.